ಐದನೇ ಚಕ್ರ

ಕೆಂಗಲ್ ದಾಟುವ ಮೊದಲೇ ಡಬ್ಬಿ ಮತ್ತೆ ಕಿರುಚಿಕೊಂಡಿತು. ಡ್ಯಾಶ್‌ಬೋರ್ಡಿನ ಮೇಲೆ ಕೂತ, ಬೆಂಕಿಪೊಟ್ಟಣದಷ್ಟಿದ್ದ ಆ ಡಬ್ಬಿಗೆ ನಾಲ್ಕೂ ಚಕ್ರಗಳ ಗಾಳಿ ಎಷ್ಟಿದೆ ಎಂದು ತೋರಿಸುವುದೊಂದೇ ಕೆಲಸ. ನಿನ್ನೆ ಎಡಗಡೆಯ ಹಿಂದಿನ ಚಕ್ರದಲ್ಲಿ ಗಾಳಿಯೇ ಇಲ್ಲ ಎಂದಿತ್ತು. ಇವತ್ತು ಬಲಗಡೆಯ ಮುಂದಿನದು. ಹಿಂದೆ ಲಾರಿ, ಪಕ್ಕದಲ್ಲಿ ಬಸ್ಸು. ನಿಖಾತ್‌ಗೆ ಜೀವ ಬಾಯಿಗೆ ಬಂತು. ಹೇಗೋ ಕಾರನ್ನು ರಸ್ತೆಯ ಅಂಚಿಗೆ ತಂದು ಕರಿಯಪ್ಪನ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದಳು. ಮೂರು ವಾರದಲ್ಲಿ ಇದು ಒಂಬತ್ತನೇ ಸಲ.

ಕರಿಯಪ್ಪ ಗೇಜು ಹಿಡಿದು ನಾಲ್ಕೂ ಚಕ್ರ ಸುತ್ತಿ ಬಂದ. "ಎಲ್ಲಾ ಮೂವತ್ತೆರಡು. ಗಾಳಿ ಒಸಿನೂ ಇಳ್ದಿಲ್ಲ ಕಣವ್ವ. ನಿನ್ ಡಬ್ಬಿ ಸುಳ್ಳು ಬೊಗಳ್ತಾ ಐತೆ."

"ಹಾಗಾದ್ರೆ ಅದನ್ನ ಕಿತ್ತು ಬಿಸಾಕಿ ಕರಿಯಣ್ಣ. ಬೇಡ ಬಿಡಿ, ಕಾರೇ ಬೇಡ ನಂಗೆ. ಭಾನುವಾರ ನೋಡೋಕೆ ಜನ ಬರ್ತಾರೆ, ಮಾರಿಬಿಡ್ತೀನಿ."

ಮಾರುವ ಮಾತಿಗೆ ಡಬ್ಬಿಯೊಂದೇ ಕಾರಣವಲ್ಲ. ಕೂಟಗಲ್‌ನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಿಖಾತ್, ಚನ್ನಪಟ್ಟಣದಿಂದ ದಿನಾ ಎರಡು ಬಸ್ಸು ಹತ್ತಿಳಿದು ಸಾಕಾಗಿ, ಮೂರು ವಾರದ ಹಿಂದೆ ತನ್ನ ದುಡಿಮೆಯಲ್ಲೇ ಈ ಹಳೇ ಕಾರು ಕೊಂಡಿದ್ದಳು. ಖುಷಿಯಿಂದ ಬೀಗದ ಕೈಯನ್ನು ಅಪ್ಪ ಸನಾವುಲ್ಲಾನ ಅಂಗೈಗಿಟ್ಟರೆ, ಅವನು "ನಿನ್ನಿಷ್ಟ" ಎಂದು ಅದನ್ನು ವಾಪಸು ಕೊಟ್ಟು, ಬೊಂಬೆ ಮಾಡುವ ಲೇತಿನ ಮುಂದೆ ಹೋಗಿ ಕೂತಿದ್ದ. ಅಂದಿನಿಂದ ಕಾರಿನ ಸುದ್ದಿಯೇ ಅವನ ಬಾಯಲ್ಲಿ ಬಂದಿಲ್ಲ. ಒಂದು ದಿನ ಬಾಗಿಲಿಗೆ ಬಂದು ಬೀಳ್ಕೊಟ್ಟವನೂ ಅಲ್ಲ. ಅಪ್ಪನಿಗೆ ಬೇಡವಾದ ಕಾರಿನಲ್ಲಿ ಕೂತು ಹೋಗುವುದು ಮಗಳಿಗೆ ಮುಳ್ಳಿನ ಮೇಲೆ ಕೂತಂತಾಗಿತ್ತು.

ಕರಿಯಪ್ಪ ಚಕ್ರದ ವಾಲ್ವಿನಿಂದ ತೆಗೆದಿದ್ದ ಕಪ್ಪು ಟೋಪಿಯನ್ನು ಅಂಗೈಯಲ್ಲಿಟ್ಟು ತೋರಿಸಿದ. "ಇದು ಬರೀ ಟೋಪಿ ಅಲ್ಲ ಕಣವ್ವ. ಗಾಳಿ ಅಳ್ದು ಡಬ್ಬಿಗೆ ಸುದ್ದಿ ಮುಟ್ಸೋದೇ ಇದು. ಸಡ್ಲ ಆಯ್ತು ಅಂದ್ರೆ ಗಾಳೀನೇ ಇಲ್ಲ ಅಂತ ಬಡ್ಕೋತದೆ. ನಿನ್ನೆ ನಾನೇ ಸ್ಪ್ಯಾನರ್ ಹಾಕಿ ಅಡಿ ನಟ್ಟು ಬಿಗಿದು ಕಳ್ಸಿದ್ದೆ. ಇವತ್ತು ಬೆರಳು ಮುಟ್ಟಿದ್ರೆ ಬಂದ್ಬುಡ್ತು. ನಾಕೂ ಹಂಗೇ ಅವೆ. ಯಾರೋ ದಿನಾ ಬಿಚ್ತಾವ್ರೆ."

ಆಮೇಲೆ ಟೋಪಿಯನ್ನು ಬಿಸಿಲಿಗೆ ಹಿಡಿದು ಹುಬ್ಬುಗಂಟಿಕ್ಕಿದ. "ಇದೇನವ್ವ, ಕುಂಕುಮ ಮೆತ್ಕಂಡೈತೆ?"

ಕುಂಕುಮವಲ್ಲ. ಬೊಂಬೆಗೆ ಬಳಿಯುವ ಅರಗಿಗೆ ಕಲಸುವ ಕೆಂಪು ಪುಡಿ. ಎಷ್ಟು ಸೋಪು ಹಾಕಿ ತಿಕ್ಕಿದರೂ ಅಪ್ಪನ ಬೆರಳ ಸಂದಿಯಿಂದ ಬಿಡದ ಬಣ್ಣ. ಕಾರು ಮನೆ ಬಿಟ್ಟು ತೊಲಗಲಿ ಎಂದು ಅಪ್ಪ ಇಂಥ ಕೆಲಸಕ್ಕೂ ಇಳಿದನೇ? ಬೇಡ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ. ಕರಿಯಪ್ಪ ನಾಲ್ಕನ್ನೂ ಬಿಗಿದು, "ಮಡಿಕ್ಕೊ, ದಾರೀಲಿ ಬೇಕಾಯ್ತದೆ" ಎಂದು ಚಿಕ್ಕದೊಂದು ಸ್ಪ್ಯಾನರ್ ಕೊಟ್ಟ. ಅವಳು ಅದನ್ನು ಬ್ಯಾಗಿಗೆ ಹಾಕಿಕೊಂಡಳು.

ಮರುದಿನ ಬೆಳಗಿನ ನಮಾಜು ಮುಗಿಸಿ ಬಂದ ಅಪ್ಪ ನೇರವಾಗಿ ಒಳಗೆ ಬರಲಿಲ್ಲ. ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಜೇಬಿನಿಂದ ಇಕ್ಕಳ ತೆಗೆದ. ನಿಖಾತ್ ಕಿಟಕಿಯ ಮರೆಯಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಅವನು ಮೊದಲು ಚಕ್ರವನ್ನು ಅಂಗೈಯಿಂದ ಒತ್ತಿ ನೋಡಿದ. ನಟ್ಟು ಸಡಿಲಿಸಿ, ಟೋಪಿ ಬಿಚ್ಚಿ, ವಾಲ್ವಿನ ಬಾಯಿಗೆ ಎಂಜಲು ಸವರಿ, ಗುಳ್ಳೆ ಏಳುತ್ತದೆಯೋ ಎಂದು ಮೂಗು ತಾಗುವಷ್ಟು ಬಗ್ಗಿದ. ಮೂವತ್ತು ವರ್ಷ ಬೊಂಬೆಯ ಮೂಟೆ ಕಟ್ಟಿಕೊಂಡು ಹೊರಡುವ ಮುನ್ನ ಸೈಕಲ್ಲಿಗೂ ಹೀಗೇ ಮಾಡುತ್ತಿದ್ದ. ಗುಳ್ಳೆ ಏಳಲಿಲ್ಲ. ಬೊಂಬೆಗೆ ತಲೆ ಕೂರಿಸುವಷ್ಟು ಮೆತ್ತಗೆ, ಬರೀ ಬೆರಳಿನಿಂದ ಟೋಪಿ ತಿರುಗಿಸಿ ಕೂರಿಸಿದ. ಆಮೇಲೆ ಕಣ್ಣು ಮುಚ್ಚಿ ದುವಾ ಓದಿ ಚಕ್ರದ ಮೇಲೆ ಉಫ್ ಎಂದು ಊದಿದ. ಮುಂದಿನ ಚಕ್ರಕ್ಕೆ ಸರಿದ.

ನಿಖಾತ್‌ಳ ಸಿಟ್ಟು ಎಲ್ಲಿ ಹೋಯಿತೋ. ಇಂಥವನನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೆಯಾಯಿತು. ಭಾನುವಾರ ಬರುವವರಿಗೆ ಬೇಡವೆಂದು ಹೇಳಬೇಕು ಎಂದುಕೊಳ್ಳುತ್ತಾ ಸ್ಪ್ಯಾನರ್ ಹಿಡಿದು ಹೊರಗೆ ಬಂದಳು.

"ಅಬ್ಬಾಜಾನ್, ಅಷ್ಟು ಮೆತ್ತಗೆ ಕೂರಿಸಿದ್ರೆ ಸಾಲಲ್ಲ. ಇದರಲ್ಲಿ ಅಡಿಯ ನಟ್ಟು ಬಿಗೀಬೇಕು."

ಸಿಕ್ಕಿಬಿದ್ದವನಂತೆ ಅಪ್ಪ ಇಕ್ಕಳವನ್ನು ಬೆನ್ನ ಹಿಂದೆ ಬಚ್ಚಿಟ್ಟ. ಅದಕ್ಕೆ ಅವಳಿಗೆ ನಗು ಬಂತು, ಅಳುವೂ ಬಂತು. "ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ" ಎಂದಳು.

"ಕೋಪ ಯಾಕೆ ಬೇಟಾ? ಹೆದರಿಕೆ. ಬಾಯಿ ತೆಗೆದ್ರೆ ಹೋಗ್ಬೇಡ ಅಂತಾನೇ ಬರ್ತಿತ್ತು. ಅದಕ್ಕೇ ತೆಗೀಲಿಲ್ಲ."

ಅಪ್ಪ, ಮಗಳು ಪಕ್ಕಪಕ್ಕ ಕೂತು ನಾಲ್ಕೂ ನಟ್ಟು ಬಿಗಿದರು. ಹೊರಡುವ ಹೊತ್ತಿಗೆ ಡಬ್ಬಿಯಲ್ಲಿ ನಾಲ್ಕೂ ಚಕ್ರ ಹಸಿರು. ನಿಖಾತ್ ಕನ್ನಡಿಯಲ್ಲಿ ನೋಡಿದರೆ ಅಪ್ಪ ಇನ್ನೂ ಕಾರಿನ ಹಿಂದೆಯೇ ನಿಂತಿದ್ದಾನೆ, ಡಿಕ್ಕಿಯ ಮೇಲೆ ಕೆಂಪು ಬೆರಳುಗಳನ್ನಿಟ್ಟು.

"ಇದನ್ನ ಒಂದ್ಸಲ ತೆಗಿ ಬೇಟಾ. ಒಳಗಿರೋ ಐದನೇ ಚಕ್ರ ನೋಡೋಕಾಗದೆ ಮೂರು ವಾರದಿಂದ ನನಗೆ ನಿದ್ದೆ ಇಲ್ಲ."