ಮೊದಲ ದೋಸೆಯ ಚೂರು

ಮೊದಲ ದೋಸೆಯ ಚೂರು ಮುರಿದುಕೊಂಡು ಅರ್ಪಣಾ ಹಿತ್ತಿಲ ಕಡೆ ಹೊರಟದ್ದು ಕಂಡು ಸುಬ್ಬಮ್ಮನ ಪಿತ್ತ ನೆತ್ತಿಗೇರಿತು. ಕೊಪ್ಪದ ಮೇಸ್ತ್ರಿ ಬಂದು ಒಲೆ ಕೆಡವಿ ಗ್ಯಾಸಿಗೆ ಕಟ್ಟೆ ಕಟ್ಟಿದಂದಿನಿಂದ, ಆ ಚೂರನ್ನು ಅಗ್ನಿಗೆ ಹಾಕುವ ಪದ್ಧತಿಯೇ ನಿಂತುಹೋಗಿತ್ತು. ಈಗ ಮೊಮ್ಮಗನ ಹೆಂಡತಿ ಅದನ್ನು ಕದ್ದು ತಿನ್ನುವುದೊಂದು ಬಾಕಿ! ಬೈಯಲೆಂದೇ ಹಿಂದೆ ಹೋದರು.

ಅರ್ಪಣಾ ಬಚ್ಚಲ ಹಂಡೆಯ ಒಲೆ ಮುಂದೆ ಕೂತು, ಚೂರನ್ನು ಬೆಂಕಿಗೆ ಹಾಕಿ ಕೈಮುಗಿದಳು.

"ಎಷ್ಟು ದಿನದಿಂದ ಹೀಗೆ?"

"ಗ್ಯಾಸ್ ಬಂದಾಗಿನಿಂದ, ಅಜ್ಜಿ. ಮನೇಲಿ ಬೆಂಕಿ ಅಂತ ಉಳಿದಿರೋದು ಇಲ್ಲೇ ಅಲ್ವಾ? ಬಚ್ಚಲೊಲೆ ಮೈಲಿಗೆ ಅಂತೀರೇನೋ ಅಂತ ಹೇಳ್ಲಿಲ್ಲ."

ಸುಬ್ಬಮ್ಮ ಒಳಗೆ ಬಂದು ಸೌಟು ಕೈಗೆತ್ತಿಕೊಂಡು, ಹಿಂದೆಯೇ ಬಂದ ಅರ್ಪಣಾಳಿಗೆ ದೋಸೆ ಹೊಯ್ದರು. ಅವರು ಈ ಮನೆಗೆ ಬಂದ ಅರವತ್ತು ವರ್ಷದಲ್ಲಿ ಯಾವ ಸೊಸೆಯೂ ಗಂಡಸರಿಗಿಂತ ಮೊದಲು ತಿಂಡಿಗೆ ಕೂತದ್ದಿಲ್ಲ.

"ಮೊದಲನೇದು ಅಗ್ನಿಗೆ ಆಯ್ತು, ಎರಡನೇದು ನಿಂಗೆ. ಕೂರು ಮಾರಾಯ್ತಿ, ಆರಿ ಹೋಗ್ತದೆ."