ವಾರ್ತಾವಾಚನ ಪರೀಕ್ಷೆ

ಮೈಕಿನ ಮುಂದೆ ಓದಿದ್ದೆಲ್ಲ ನಿಜವಾಗುವ ಕಾಲವದು. ಅದಕ್ಕೇ ಪತ್ರಿಕೋದ್ಯಮ ವಿಭಾಗದ ವಾರ್ತಾವಾಚನ ಪರೀಕ್ಷೆಗೆ ತುಂತುರು ಮಳೆ, ಪುಷ್ಪ ಪ್ರದರ್ಶನದಂಥ ಸುದ್ದಿಗಳನ್ನೇ ಕೊಡುತ್ತಿದ್ದರು. ನೀಲವ್ವನಿಗೆ ಬಂದ ಹಾಳೆ ಹಾಗಿರಲಿಲ್ಲ: ‘ಸವದತ್ತಿ ಬಸ್ಸು ಹಳ್ಳಕ್ಕೆ ಉರುಳಿ ಒಂಬತ್ತು ಮಂದಿ ಸಾವು.’ ಅವಳ ಅವ್ವ ಅದೇ ಬಸ್ಸಿನಲ್ಲಿ ಬರುತ್ತಿದ್ದಳು.

“ಮೇಡಂ, ಇದನ್ನ ಓದಾಕ ಆಗಂಗಿಲ್ರಿ.”

“ಮ್ಯಾಲಿಂದ ಬಂದೈತವ್ವಾ. ನೀ ಓದದಿದ್ರ ಇನ್ನೊಬ್ರು ಓದ್ತಾರ,” ಎಂದರು ಮೇಡಂ, ಕಣ್ಣು ತಪ್ಪಿಸಿ.

ಮೈಕಿನ ಕೆಂಪು ದೀಪ ಹತ್ತಿತು. ನೀಲವ್ವ ‘ಸವದತ್ತಿ ಬಸ್ಸು ಸುಖವಾಗಿ ಊರು ತಲುಪಿದೆ’ ಎಂದು ಓದಿ ಹೊರಗೆ ಓಡಿಬಂದಳು.

ಸ್ವಲ್ಪ ಹೊತ್ತಿಗೆ ಅವ್ವನ ಫೋನ್ ಬಂತು: “ಬಂದು ಮುಟ್ಟೀನಿ ಮಗಳ.”

ನೀಲವ್ವ ಅಳುತ್ತಲೇ ನಕ್ಕಳು. ಅಷ್ಟರಲ್ಲಿ ಒಳಗೆ ಮುಂದಿನ ವಿದ್ಯಾರ್ಥಿ ತನ್ನ ಹಾಳೆ ಬಿಡಿಸಿದ. ಗಾಜಿನಾಚೆಯಿಂದ ಅವಳನ್ನೇ ದಿಟ್ಟಿಸಿ, ನಡುಗುವ ದನಿಯಲ್ಲಿ ಓದತೊಡಗಿದ: ‘ಸುದ್ದಿ ತಿದ್ದಿದ ವಿದ್ಯಾರ್ಥಿನಿ ನೀಲವ್ವ...’