ಪವಿತ್ರ ಬಿದ್ದ ಬಂಡೆ

ನಗು ಮತ್ತೆ ಕೇಳಿಸಿತು.

ಗಂಗಾಧರಸ್ವಾಮಿ ನಿಂತುಬಿಟ್ಟ. ಎದುರಿಗೆ ಗೋಪಾಲಸ್ವಾಮಿ ಬೆಟ್ಟದ ಹುಲ್ಲು ಒಂದಿಷ್ಟು ದೂರ ಕಂಡು, ಆಮೇಲೆ ಬರೀ ಮಂಜು. ಆ ಮಂಜಿನೊಳಗೆ ಎಲ್ಲೋ ಪುಟ್ಟ ಹುಡುಗಿಯೊಬ್ಬಳು ನಕ್ಕಿದ್ದಳು. ಕೊನೆಗೆ ಉಸಿರೆಳೆದುಕೊಂಡು ಬಿಕ್ಕಳಿಸಿದಂತಾಗುವ ನಗು. ಅದು ಯಾರದೆಂದು ಅವನಿಗೆ ಗೊತ್ತಿತ್ತು.

"ಕೇಳುಸ್ತಾ?" ಎಂದು ಹೆಂಡತಿಯ ರಟ್ಟೆ ಹಿಡಿದ.

"ಏನು?" ಎಂದಳು ಚಿಕ್ಕಮಲ್ಲಮ್ಮ.

"ಪವಿತ್ರ ಕಣ. ಚಿಕ್ಕೋಳಾಗಿದ್ದಾಗ ಇಂಗೇ ನಗೋಳು."

"ಗಾಳಿ ಬುಡಿ. ಬೆಟ್ಟದ ಮ್ಯಾಲೆ ಗಾಳಿ ಏನೇನೋ ಆಡ್ತದೆ."

ಹಾಗೆನ್ನುವಾಗ ಅವಳು ಮಂಜಿನ ಕಡೆ ನೋಡಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು.

ತೆರಕಣಾಂಬಿಯಲ್ಲಿ ಅರಿಶಿನದ ಹೊಲ, ಸಂತೆಬೀದಿಯಲ್ಲಿ ಅಂಗಡಿ, ಒಬ್ಬಳೇ ಮಗಳು. ಗಂಗಾಧರಸ್ವಾಮಿಗೆ ಇದ್ದದ್ದು ಇಷ್ಟು. ಚಾಮರಾಜನಗರದ ಕಾಲೇಜಿಗೆ ಓದಲು ಹೋದ ಪವಿತ್ರ ಅಲ್ಲಿ ಹಂಗಳದ ಸಿದ್ದಾರ್ಥನನ್ನು ಮೆಚ್ಚಿದಳು. ಸಿದ್ದಾರ್ಥನ ತಂದೆ ಚಿಕ್ಕಮಾದಯ್ಯ ಒಂದು ಕಾಲಕ್ಕೆ ಗಂಗಾಧರಸ್ವಾಮಿಯ ಹೊಲದಲ್ಲೇ ಕೂಲಿ ಮಾಡಿದವನು. ಮದುವೆಯಾದರೆ ಅವನನ್ನೇ ಎಂದು ಮಗಳು ಹೇಳಿದ ದಿನ ಗಂಗಾಧರಸ್ವಾಮಿ ಅವಳನ್ನು ಕೋಣೆಗೆ ಹಾಕಿ ಚಿಲಕ ಎಳೆದ. ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ನೋಡಿದರೆ ಚಿಲಕ ತೆಗೆದಿತ್ತು. ಕೋಣೆ ಖಾಲಿ.

ಇಬ್ಬರೂ ಬೆಟ್ಟದ ಬಸ್ಸು ಹತ್ತಿದ್ದನ್ನು ಯಾರೋ ಕಂಡಿದ್ದರು. ಅಣ್ಣನ ಮಕ್ಕಳನ್ನು ಕಟ್ಟಿಕೊಂಡು ಗಂಗಾಧರಸ್ವಾಮಿ ಜೀಪಿನಲ್ಲಿ ಹೊರಟ. ಸೀಟಿನಡಿ ಮಚ್ಚಿತ್ತು. "ನಾನೂ ಬತ್ತೀನಿ" ಎಂದು ಚಿಕ್ಕಮಲ್ಲಮ್ಮ ಹತ್ತಿ ಕೂತಳು. ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಅಂದೂ ಹೀಗೇ ಮಂಜು. ಎಲ್ಲರೂ ಒಂದೊಂದು ದಿಕ್ಕಿಗೆ ಹುಡುಕಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅಂಚಿನ ಬಂಡೆಯ ಕಡೆಯಿಂದ ಚಿಕ್ಕಮಲ್ಲಮ್ಮನ ಚೀರಾಟ ಕೇಳಿಸಿತು. ಓಡಿ ಹೋಗಿ ನೋಡಿದರೆ ಬಂಡೆಯ ಮೇಲೆ ಮಗಳ ಚಪ್ಪಲಿ, ದುಪಟ್ಟ, ಪಕ್ಕದಲ್ಲಿ ಗಂಡಸಿನ ಒಂದು ಜೊತೆ ಶೂ. ಕೆಳಗೆ ಪ್ರಪಾತ. ಅದರ ಕೆಳಗೆ ಆನೆ, ಹುಲಿ ತಿರುಗುವ ಕಾಡು. ಎಷ್ಟು ದಿನ ಹುಡುಕಿದರೂ ಒಂದು ಎಲುಬೂ ಸಿಗಲಿಲ್ಲ. ಕಾಡಿಗೆ ಬಿದ್ದದ್ದು ಕಾಡಿಗೇ ಎಂದು ಊರು ಮಾತಾಡಿ ಸುಮ್ಮನಾಯಿತು.

ಚಿಕ್ಕಮಲ್ಲಮ್ಮ ಮಗಳ ಫೋಟೋಗೆ ಹಾರ ಹಾಕಗೊಡಲಿಲ್ಲ. ತಿಥಿ ಮಾಡಗೊಡಲಿಲ್ಲ. "ಹೆಣ ನೋಡಿಲ್ಲ, ಎಂಗೆ ಮಾಡನ?" ಎಂದಳು. ಅದರ ಬದಲು ವರ್ಷಕ್ಕೊಮ್ಮೆ, ಅದೇ ದಿನ, ಕಜ್ಜಾಯ ಸುಟ್ಟುಕೊಂಡು ಗಂಡನನ್ನು ಬೆಟ್ಟಕ್ಕೆ ಕರೆತರುತ್ತಿದ್ದಳು. ಬಂಡೆಯ ಮೇಲೆ ಎಲೆ ಹಾಸಿ ಎಡೆ ಇಡುತ್ತಿದ್ದಳು. ಹೋದ ವರ್ಷ ಗಂಗಾಧರಸ್ವಾಮಿ ಮರೆತ ಛತ್ರಿಗೆಂದು ಹಿಂದಿರುಗಿದಾಗ ಎಲೆಯ ಸಮೇತ ಕಜ್ಜಾಯ ಮಾಯವಾಗಿತ್ತು. ಮನೆಗೆ ಬಂದು ವಾರಗಟ್ಟಲೆ ಜ್ವರದಲ್ಲಿ ಮಲಗಿದ್ದ.

ಬಂಡೆ ಬಂತು. ಸೆಲ್ಫಿ ತೆಗೆಯುತ್ತಿದ್ದ ಕೇರಳದ ಹುಡುಗರು ಚಳಿ ತಾಳಲಾರದೆ ದೇವಸ್ಥಾನದ ಕಡೆ ಓಡಿದರು. ಇನ್ನು ಅಲ್ಲಿ ಗಂಡ ಹೆಂಡತಿ ಇಬ್ಬರೇ. ಹಿಂದೆ ಹಳೆಯ ಕಲ್ಲುಮಂಟಪ ಮಂಜಿನಲ್ಲಿ ಕರಗಿ ಕಂಬವೊಂದು ಮಾತ್ರ ಮಸುಕಾಗಿ ಕಾಣುತ್ತಿತ್ತು.

ಚಿಕ್ಕಮಲ್ಲಮ್ಮ ಪ್ರತಿವರ್ಷ ಕೇಳುವ ಪ್ರಶ್ನೆಯನ್ನೇ ಕೇಳಿದಳು. ಯಾವತ್ತಿನಂತೆ ಜೋರಾಗಿ, ಕಿವುಡನಿಗೆ ಕೇಳಿದ ಹಾಗೆ.

"ನಿಮ್ ಮಗಳು ಈಗ ಎದುರ್ಗೆ ಬಂದ್ರೆ ಏನು ಮಾಡೀರಿ?"

ಹಿಂದಿನ ವರ್ಷಗಳಲ್ಲಿ ಅವನು ಬೈದಿದ್ದ, ಇಲ್ಲವೇ ಮುಖ ತಿರುಗಿಸಿದ್ದ. ಇವತ್ತು ಆ ನಗು ಅವನೊಳಗೆ ಏನನ್ನೋ ಮುರಿದಿತ್ತು. ಬಂಡೆಯ ಮೇಲೆ ಕುಸಿದು ಕೂತ.

"ಮನೆಗೆ ಬಾ ಕಣವ್ವ ಅಂತೀನಿ," ಎಂದ. ದನಿ ಒಡೆದಿತ್ತು. "ಕಾಲು ಕಟ್ಕತೀನಿ. ಉಣ್ಣಕ್ಕೆ ಕೂತ್ರೆ ಅವಳ ತಟ್ಟೆ ಕಣ್ಣಿಗೆ ಕಟ್ತದೆ ಕಣ, ಅನ್ನ ಗಂಟಲಲ್ಲಿ ಇಳಿಯಕ್ಕಿಲ್ಲ."

ಚಿಕ್ಕಮಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಈ ಬಂಡೆಯ ಮೇಲೆ ಅವಳ ಕಣ್ಣಲ್ಲಿ ನೀರು ಕಂಡದ್ದು ಇವತ್ತೇ ಮೊದಲು. ಸೆರಗು ಬಿಟ್ಟು, ಇನ್ನೂ ಜೋರಾಗಿ ಕೇಳಿದಳು:

"ಸಿದ್ದಾರ್ಥನ ಕೈ ಹಿಡ್ಕಂಡು ಬಂದ್ರೆ?"

ಗಾಳಿ ನಿಂತಿತು. ಗಂಗಾಧರಸ್ವಾಮಿ ಕಣ್ಣೊರೆಸಿಕೊಂಡ. ಕೈ ತೆಗೆದಾಗ ಆ ಮುಖದಲ್ಲಿ ಅಳು ಇರಲಿಲ್ಲ. ಜೀಪು ಹತ್ತಿದ ದಿನದ ಮುಖವಿತ್ತು.

"ಆ ಹೆಸರ ಎತ್ಬ್ಯಾಡ. ಅವನ ಜೊತೆ ಬಂದ್ರೆ ಇಬ್ಬರನ್ನೂ ನಾನೇ ಇಲ್ಲಿಂದ ತಳ್ತೀನಿ. ತಾವೇ ಬಿದ್ದು ನನ್ ಕೈ ಕೊಳೆ ಆಗೋದ ತಪ್ಪುಸುದ್ರು, ಅಷ್ಟೇ."

ದೂರದಲ್ಲಿ ಬಸ್ಸು ಹಾರನ್ ಮಾಡಿತು. ಕಂಡಕ್ಟರ್ ಕೆಳಗೆ ಹೋಗುವವರನ್ನು ಕೂಗುತ್ತಿದ್ದ. ಗಂಗಾಧರಸ್ವಾಮಿ ಎದ್ದು ಪಂಚೆ ಕೊಡವಿಕೊಂಡ.

"ಬಾ, ಓಗನ."

"ಎಡೆ ಇಟ್ಟು ಬತ್ತೀನಿ. ನೀವು ಸೀಟು ಹಿಡೀರಿ."

ಅವನ ಬೆನ್ನು ಮಂಜಿನಲ್ಲಿ ಮರೆಯಾಯಿತು. ಹೆಜ್ಜೆಯ ಸದ್ದು ಪೂರ್ತಿ ಅಡಗುವವರೆಗೂ ಚಿಕ್ಕಮಲ್ಲಮ್ಮ ಅಲುಗಾಡಲಿಲ್ಲ. ಆಮೇಲೆ ಮಂಟಪದ ಕಡೆ ತಿರುಗಿ, ಮೊದಲ ಸಲ ಮೆಲ್ಲಗೆ ಮಾತಾಡಿದಳು.

"ಈ ವರ್ಸನೂ ಬ್ಯಾಡ ಕಣವ್ವ ಪವಿತ್ರ. ಮಗೀಗೆ ಚಳಿ ಆಯ್ತದೆ, ನಿನ್ ಗಂಡನ್ನ ಕರ್ಕಂಡು ಮುಂದಿನ ಬಸ್ಸಿಗೆ ಇಳ್ಕಂಡೋಗಿ."